ಐದು ನಾಟ್ ವೇಗದಲ್ಲಿ ಅತ್ತಿಗೆಯ ಬಯಕೆ

ನನ್ನ ದಿನಚರಿಯಲ್ಲಿ ‘ಸುಮಾರು’ ಎಂಬ ಪದಕ್ಕೆ ಪ್ರವೇಶವಿಲ್ಲ. ಎದ್ದದ್ದು 5.42ಕ್ಕೆ ಎಂದರೆ 5.42ಕ್ಕೇ. ಬಹರೈನಿನ ಮಾಹೂಝ್‌ನ ನಮ್ಮ ಕಟ್ಟಡಕ್ಕೆ ಐವತ್ತೆಂಟು ಮೆಟ್ಟಿಲು. ಲಿಫ್ಟ್ ಕೆಟ್ಟ ದಿನಗಳು, ಈ ವರ್ಷ ಇಲ್ಲಿಯವರೆಗೆ, ಹದಿನೇಳು. ಇದು ರೋಗವಲ್ಲ, ವೃತ್ತಿ. ಸಿತ್ರಾದ ಒಂದು ಕಾರ್ಖಾನೆಯಲ್ಲಿ, ಬೇರೆ ಯಂತ್ರಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಅಳೆದು ನೋಡಿ ಅವುಗಳ ಮೈಗೆ ಹಸಿರು ಚೀಟಿ ಅಂಟಿಸುವುದು ನನ್ನ ಕೆಲಸ. ಹಾಗಾಗಿ, ಸರಿಯಾಗಿ ಅಳೆದರೆ ಬಗೆಹರಿಯದ ಸಮಸ್ಯೆ ಜಗತ್ತಿನಲ್ಲಿ ಇಲ್ಲ ಎಂದು ಇಪ್ಪತ್ನಾಲ್ಕನೆಯ ವಯಸ್ಸಿನವರೆಗೂ ನಂಬಿದ್ದೆ.

ಆಗ ಅತ್ತಿಗೆಗೆ ಬಯಕೆಯಾಯಿತು.

ನವೆಂಬರ್ 4, ಸೋಮವಾರ, ರಾತ್ರಿ ಊಟದ ಹೊತ್ತು. ಏಳು ತಿಂಗಳ ಬಸುರಿ ಸುಮತಿ ಅತ್ತಿಗೆ ಸಾರಿನಲ್ಲಿ ಬೆರಳಾಡಿಸುತ್ತ, ಕಿಟಕಿಯಾಚೆ ಎಲ್ಲೋ ನೋಡುತ್ತ ಹೇಳಿದರು: “ನಂಗೆ ಅಂಜಲ್ ಮೀನು ತಿನ್ಬೇಕು ಅಂತ ಆಗ್ತದೆ.”

ಹರೀಶಣ್ಣನ ಮುಖ ಅರಳಿತು. “ಅಷ್ಟೇಯಾ? ನಾಳೆಯೇ ಮಾರ್ಕೆಟಿಂದ ತರ್ತೇನೆ.”

“ಮಾರ್ಕೆಟಿನದ್ದು ಬಲೆಯದ್ದು. ನಂಗೆ ಗಾಳದ್ದು ಬೇಕು.”

“ಸತ್ತ ಮೇಲೆ ಗಾಳ ಎಂತ, ಬಲೆ ಎಂತ? ಎರಡೂ ಒಂದೇ ಅಲ್ವಾ?”

“ಬಲೆಯದ್ದು ಇಡೀ ರಾತ್ರಿ ಒದ್ದಾಡಿ ಸತ್ತದ್ದು. ಗಾಳದ್ದು ಹಾಗಲ್ಲ. ಬಾಯಿಗಿಟ್ಟ ಕೂಡಲೇ ಗೊತ್ತಾಗ್ತದೆ.”

ಇದರ ಮೇಲೆ ಮೇಲ್ಮನವಿ ಇರಲಿಲ್ಲ. ಅತ್ತಿಗೆ ಮಲ್ಪೆಯವರು. ಅವರ ಅಪ್ಪ ದೋಣಿ ಓಡಿಸುತ್ತ ಹಿಂದೆ ಗಾಳ ಎಳೆದು ಅಂಜಲ್ ಹಿಡಿಯುತ್ತಿದ್ದವರು. ತೀರಿಕೊಂಡು ಎರಡು ವರ್ಷವಾಗಿದೆ. ನಾವು ಉಡುಪಿ ಪೇಟೆಯವರು. ಮೀನಿನ ವಿಷಯದಲ್ಲಿ ನಮ್ಮ ಅನುಭವವೆಲ್ಲ ತಟ್ಟೆಯಿಂದ ಈಚೆಗಿನದು.

ಊರಿನಿಂದ ಫೋನಿನಲ್ಲಿ ಅಮ್ಮ ತೀರ್ಪು ಕೊಟ್ಟರು. “ತವರಿಗೆ ಕಳಿಸುವ ಮೊದಲು ಗಂಡನ ಮನೆಯವರು ಬಯಕೆ ತೀರಿಸ್ಬೇಕು. ಇಲ್ಲದಿದ್ರೆ ಹುಟ್ಟುವ ಮಗುವಿನ ಕಿವಿ ಸೋರ್ತದೆ. ಆಮೇಲೆ ಅವಳ ತಾಯಿಗೆ ನಾನೆಂತ ಮುಖ ತೋರಿಸ್ಲಿ?”

ಅತ್ತಿಗೆಯ ಮಂಗಳೂರು ವಿಮಾನ ನವೆಂಬರ್ 24, ಭಾನುವಾರ. ಅಂದರೆ ಉಳಿದ ಶುಕ್ರವಾರಗಳು ಮೂರು. ಅಣ್ಣ ಮನಾಮಾದ ಒಂದು ಅಂಗಡಿಯಲ್ಲಿ ಕೆಲಸಕ್ಕಿರುವವನು, ಶುಕ್ರವಾರವೇ ಅವರಿಗೆ ಗಿರಾಕಿಗಳ ಜಾತ್ರೆ. ಅಲ್ಲದೆ ಸಿತ್ರಾ ಸೇತುವೆಯ ಮೇಲೆ ಕಾರಿನಲ್ಲಿ ಹೋದರೂ, ಕೆಳಗೆ ನೀರು ಕಂಡ ಮಾತ್ರಕ್ಕೆ ಅವನಿಗೆ ವಾಕರಿಕೆ ಬರುತ್ತದೆ.

“ನಾನು ಹಿಡಿದು ತರ್ತೇನೆ,” ಎಂದೆ. “ಎಲ್ಲ ಆಳ ಮತ್ತು ವೇಗದ ಲೆಕ್ಕ, ಅಣ್ಣ. ಗಾಳ ಅಡಗಿಸಿದ ಸುಳ್ಳುಮೀನನ್ನು ಸರಿಯಾದ ಆಳದಲ್ಲಿ, ಸರಿಯಾದ ವೇಗದಲ್ಲಿ ಎಳೆದರೆ ನಿಜ ಮೀನು ಕಚ್ಚುತ್ತದೆ. ಅಳತೆ ನನಗೆ ಬಿಡು!”

ಡಾಕ್ಟರಮ್ಮ ಮಾತ್ರ ಒಂದು ಷರತ್ತು ಹಾಕಿದರು. ಬಸುರಿಗೆ ಅಂಜಲ್ ಜಾಸ್ತಿ ಬೇಡ, ಎರಡು ತುಂಡು ಸಾಕು.

ಹೀಗೆ, ಎರಡು ತುಂಡು ಮೀನಿಗಾಗಿ ನನ್ನ ಸಮುದ್ರಯಾನ ಆರಂಭವಾಯಿತು.

ಬುದಯ್ಯದ ಜೆಟ್ಟಿಯಲ್ಲಿ ಗಂಗೊಳ್ಳಿಯ ವಿಶ್ವಣ್ಣ ಇದ್ದರು. ಒಬ್ಬ ಬಹರೈನಿ ಯಜಮಾನರ ಸಣ್ಣ ದೋಣಿಯನ್ನು ಇಪ್ಪತ್ತು ವರ್ಷಗಳಿಂದ ನಡೆಸುವವರು, ಒಂದು ಕಾಲದಲ್ಲಿ ಅತ್ತಿಗೆಯ ಅಪ್ಪನ ಜೊತೆ ದುಡಿದವರು. ಬಯಕೆಯ ವಿಷಯ ಕೇಳಿ ಒಂದು ಮಾತೂ ಆಡದೆ ಒಪ್ಪಿದರು. ನನ್ನ ಚೀಲ ನೋಡಿದ ಮೇಲೆ ಮಾತು ಬಂತು.

“ಹ್ವಾಯ್ ತಂಗಿ, ಎಂತ ಇದ್? ಮೀನ್ ಹಿಡುಕ್ ಬಂದದ್ದಾ, ಸಮುದ್ರಕ್ಕ್ ಪರೀಕ್ಷೆ ಕೊಡುಕ್ ಬಂದದ್ದಾ?”

ಚೀಲದಲ್ಲಿದ್ದದ್ದು: ನೋಟ್‌ಬುಕ್ ಒಂದು, ಪೆನ್ನು ಎರಡು, ಟೇಪು, ಕೈಗವಸು, ಪ್ರತಿ ಐದು ಮೀಟರಿಗೊಂದು ಕೆಂಪು ಗುರುತು ಹಾಕಿದ ನೈಲಾನ್ ದಾರ, ಸೀಸದ ಗುಂಡುಗಳು ಮೂರು ಗಾತ್ರದ್ದು, ಹಿಡಿದು ತೂಗುವ ಡಿಜಿಟಲ್ ತಕ್ಕಡಿ, ಮತ್ತು ಉಪಗ್ರಹ ನೋಡಿ ವೇಗ ಹೇಳುವ ಫೋನು. ತಕ್ಕಡಿಗೆ ನಾನೇ ಅಂಟಿಸಿದ ಹಸಿರು ಚೀಟಿ ಇತ್ತು.

ನವೆಂಬರ್ 8, ಶುಕ್ರವಾರ. ಜೆಟ್ಟಿ ಬಿಟ್ಟದ್ದು 5.50. ಸಮುದ್ರ ಇನ್ನೂ ಎದ್ದಿರಲಿಲ್ಲ. ನೀರು ಯಾವುದು, ಆಕಾಶ ಯಾವುದು ಎಂದು ಗುರುತಿಸುವ ಗೆರೆಯೇ ಇರಲಿಲ್ಲ. ಎರಡೂ ಒಂದೇ ಹಾಲುಬಣ್ಣ. ದೋಣಿ ಆ ಬಣ್ಣದೊಳಗೆ ಗುನುಗುತ್ತ ಹೋಗುತ್ತಿತ್ತು. ಹಿಂದೆ ಬುದಯ್ಯದ ಖರ್ಜೂರದ ಮರಗಳು ಮೊದಲು ಮರಗಳಾಗಿ, ಆಮೇಲೆ ಗೀಟುಗಳಾಗಿ, ಕೊನೆಗೆ ಯಾರೋ ಅರೆಬರೆ ಒರೆಸಿದ ಪೆನ್ಸಿಲ್ ಗುರುತಾಗಿ ಹೋದವು. ನೋಟ್‌ಬುಕ್ ಮಡಿಲಲ್ಲಿಟ್ಟುಕೊಂಡು ಎಷ್ಟು ಹೊತ್ತು ಸುಮ್ಮನಿದ್ದೆನೋ ಗೊತ್ತಿಲ್ಲ. (ಒಂಬತ್ತು ನಿಮಿಷ. ಆಮೇಲೆ ನೋಡಿ ಬರೆದೆ.)

“ವಿಶ್ವಣ್ಣ, ವೇಗ 5.00 ನಾಟ್ ಇರಲಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ.”

“ಇವತ್ತ್ ಸೆಳೆತ ಎದುರಿಂದ ಇತ್ತ್ ತಂಗಿ.”

“ಇರಲಿ. ಫೋನು ಎಲ್ಲ ನೋಡಿಕೊಳ್ತದೆ.”

ವಿಶ್ವಣ್ಣ ನನ್ನನ್ನೊಮ್ಮೆ, ಫೋನನ್ನೊಮ್ಮೆ ನೋಡಿ ಇಂಜಿನ್ ಏರಿಸಿದರು. ನಾನು ತುದಿಗೆ ಸುಳ್ಳುಮೀನು ಕಟ್ಟಿ ಮೂವತ್ತು ಮೀಟರ್ ದಾರ ಬಿಟ್ಟೆ. ಐದು ನಿಮಿಷಕ್ಕೊಮ್ಮೆ ಬರೆದೆ: 5.00, 5.01, 4.99. ಅಂಥ ಸುಂದರ ಅಂಕಣವನ್ನು ನಾನು ಪ್ರಯೋಗಾಲಯದಲ್ಲೂ ಕಂಡಿರಲಿಲ್ಲ! ಅದನ್ನೇ ನೋಡುತ್ತ ತಲೆ ತೂಗುತ್ತಿತ್ತು. ದೋಣಿಯ ಹಿಂದೆ ಏನಾಗುತ್ತಿದೆ ಎಂದು ಮಾತ್ರ ನೋಡಲಿಲ್ಲ.

ಹಿಂದೆ ನನ್ನ ಸುಳ್ಳುಮೀನು ನೀರೊಳಗೆ ಈಜುತ್ತಲೇ ಇರಲಿಲ್ಲ. ಮಕ್ಕಳು ಕೆರೆಗೆ ಎಸೆದ ಬಿಲ್ಲೆಕಲ್ಲಿನಂತೆ ಅಲೆಯಿಂದ ಅಲೆಗೆ ಕುಪ್ಪಳಿಸುತ್ತ, ಅರ್ಧ ಗಾಳಿಯಲ್ಲೇ ಬರುತ್ತಿತ್ತು.

“ತಂಗಿ, ಅಂಜಲ್ ನೀರಗೆ ಇಪ್ಪುದ್. ಗಾಳಿಯಗೆ ಅಲ್ಲ!”

“ವೇಗ ಸರಿಯಾಗೇ ಉಂಟಲ್ಲ ವಿಶ್ವಣ್ಣ, ನೋಡಿ, 5.00!” ಎನ್ನುವಷ್ಟರಲ್ಲಿ ದಾರ ಬಿಗಿಯಿತು. ನಾನು ಚೀರಿದೆ. ದಾರ ಎಳೆಯುತ್ತಿತ್ತು. ಆದರೆ ಕೆಳಕ್ಕಲ್ಲ, ಮೇಲಕ್ಕೆ!

ಒಂದು ಕಡಲಹಕ್ಕಿ ನನ್ನ ಮೀನನ್ನು ನಂಬಿತ್ತು. ಇಡೀ ಕೊಲ್ಲಿಯಲ್ಲಿ ನನ್ನ ಲೆಕ್ಕವನ್ನು ನಂಬಿದ ಏಕೈಕ ಜೀವಿ ಅದು. ವಿಶ್ವಣ್ಣ ತಮ್ಮ ಅಂಗಿ ಬಿಚ್ಚಿ ಅದರ ಮೇಲೆ ಹಾಕಿ, ಕೊಕ್ಕಿನಲ್ಲಿ ಸಿಕ್ಕಿದ್ದ ಗಾಳ ಬಿಡಿಸಿದರು. ಹಕ್ಕಿ ಹಾರುವ ಮೊದಲು ನನ್ನ ಕೈಗವಸನ್ನು ಕುಕ್ಕಿ, ನನ್ನ ಶಾಲಿನ ಮೇಲೆ ತನ್ನ ಅಭಿಪ್ರಾಯವನ್ನೂ ಬಿಟ್ಟು ಹೋಯಿತು.

ದಿನಚರಿ: ಮೀನು 0. ಹಕ್ಕಿ 1 (ಬಿಡುಗಡೆ).

ಮನೆಗೆ ಬಂದು ನೇರ ಬಚ್ಚಲಿಗೆ ಹೊರಟರೆ ಅತ್ತಿಗೆ ಸೋಫಾದ ಮೇಲಿಂದ ಕೂಗಿದರು. “ಸ್ನಾನ ಮತ್ತೆ ಮಾಡುವಿಯಂತೆ. ಮೊದಲು ಇಲ್ಲಿ ಕೂತು ಎಲ್ಲ ಹೇಳು.”

“ಮೈಯೆಲ್ಲ ನಾರ್ತದೆ ಅತ್ತಿಗೆ. ಉಪ್ಪು, ಡೀಸೆಲ್, ಹಕ್ಕಿ...”

“ಇರಲಿ ಮಾರಾಯ್ತಿ. ಕೂತ್ಕೋ.”

ಪಕ್ಕದಲ್ಲಿ ಕೂತು ನೋಟ್‌ಬುಕ್ ಓದಿದೆ. 6.05ಕ್ಕೆ ಇಷ್ಟು, 6.10ಕ್ಕೆ ಇಷ್ಟು. ಅತ್ತಿಗೆ ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟು, ಭಾಗವತರ ಪದ ಕೇಳುವವರ ಹಾಗೆ ಕೇಳಿದರು. ಹಕ್ಕಿಯ ಘಟ್ಟ ಬಂದಾಗ ನಕ್ಕು ನಕ್ಕು ಬೆವರಿದರು. ಅಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಮುಂದಿನ ವಾರ ಕೋಳಿ ಹಿಡಿದು ಬಾ, ಅದಾದರೂ ತಿನ್ನಬಹುದು,” ಎಂದ.

ಆ ವಾರವಿಡೀ ನಾನು ದೋಷ ವಿಶ್ಲೇಷಣೆ ಮಾಡಿದೆ. ಮೂರು ಪುಟ, ಒಂದು ನಕ್ಷೆ. ತೀರ್ಮಾನ: ಸುಳ್ಳುಮೀನು ಮೇಲೆ ತೇಲಿತು. ಪರಿಹಾರ: ಹೆಚ್ಚು ಸೀಸ, ಹೆಚ್ಚು ದಾರ. ವೇಗ? ವೇಗದಲ್ಲಿ ತಪ್ಪಿರಲು ಸಾಧ್ಯವೇ ಇಲ್ಲ, ಅದು 5.00 ಇತ್ತು!

ನವೆಂಬರ್ 15, ಶುಕ್ರವಾರ. ಹುಣ್ಣಿಮೆ. ಚಂದ್ರ ಮುಳುಗಲು ಮನಸ್ಸಿಲ್ಲದೆ ಸೌದಿ ಕಡೆಯ ಆಕಾಶದಲ್ಲಿ ಮಸುಕಾಗಿ ಕೂತಿದ್ದ. ಈ ಕಡೆ ಸೂರ್ಯ. ಮಧ್ಯೆ, ಇಬ್ಬರಿಗೂ ಸೇರದ ತಿಳಿಹಸಿರು ನೀರಿನಲ್ಲಿ ನಾವು. ನೀರು ಎಷ್ಟು ತಿಳಿಯಾಗಿತ್ತೆಂದರೆ ನಮ್ಮ ದೋಣಿಯ ನೆರಳು ತಳದ ಮರಳಿನ ಮೇಲೆ, ನಮಗಿಂತ ನಿಧಾನವಾಗಿ ಯಾವುದೋ ಬೇರೆ ಊರಿಗೆ ಹೊರಟ ಹಾಗೆ ಕಾಣುತ್ತಿತ್ತು.

“ಇವತ್ತ್ ಸೆಳೆತ ಹಿಂದಿಂದ ದೂಡ್ತಾ ಇತ್ತ್, ಜೋರಿತ್ತ್,” ಎಂದರು ವಿಶ್ವಣ್ಣ.

“ಒಳ್ಳೆಯದಾಯ್ತು, ಡೀಸೆಲ್ ಉಳಿಯಿತು. 5.00 ಇರಲಿ.”

ಅತಿ ದೊಡ್ಡ ಸೀಸದ ಗುಂಡು ಕಟ್ಟಿ ಅರವತ್ತು ಮೀಟರ್ ದಾರ ಬಿಟ್ಟೆ. ಫೋನು 5.00 ಎಂದಿತು. ನಾನು 5.00 ಎಂದು ಬರೆದೆ. ಬಿಸಿಲು ಬೆನ್ನಿಗೆ ಹಿತವಾಗಿತ್ತು. 7.20ಕ್ಕೆ ದಾರ ಹಠಾತ್ತನೆ ಬಿಗಿದು, ದೋಣಿಯೇ ತಡವರಿಸಿತು.

“ಬಿತ್ತು! ಬಿತ್ತು ವಿಶ್ವಣ್ಣ! ದೊಡ್ಡದು!”

ವಿಶ್ವಣ್ಣ ಇಂಜಿನ್ ನಿಲ್ಲಿಸಿ ದಾರ ಮುಟ್ಟಿ ನೋಡಿದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. “ಇದ್ ಹಂದುದಿಲ್ಲೆ ತಂಗಿ. ಮೀನ್ ಅಂದ್ರೆ ಹಂದುಕ್.”

“ದೊಡ್ಡ ಮೀನು ಅಲುಗಾಡದೆ ಗಂಭೀರವಾಗಿರ್ತದೆ!”

ಹದಿನಾಲ್ಕು ನಿಮಿಷ ಇಬ್ಬರೂ ಎಳೆದೆವು. ಕೊನೆಗೆ ಹಸಿರು ನೀರಿನಿಂದ ನಿಧಾನವಾಗಿ, ಕನಸಿನಲ್ಲಿ ಗುಡಿಯ ಶಿಖರ ಮೇಲೇಳುವ ಹಾಗೆ, ತಂತಿಯ ಒಂದು ಗುಮ್ಮಟ ಎದ್ದು ಬಂತು. ಇಲ್ಲಿಯ ಮೀನುಗಾರರು ತಳದಲ್ಲಿ ಇಟ್ಟು ಹೋಗುವ ಮೀನುಬುಟ್ಟಿ, ಗರ್ಗೂರ್. ಒಳಗೆ ಹತ್ತಿಪ್ಪತ್ತು ಮೀನುಗಳು ನನ್ನನ್ನು ನೋಡುತ್ತಿದ್ದವು.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಬುಟ್ಟಿಯ ಯಜಮಾನರೂ ನೋಡುತ್ತಿದ್ದರು! ಬಿಳಿ ಗಡ್ಡದ ಹಾಜಿಯೊಬ್ಬರು ತಮ್ಮ ದೋಣಿಯನ್ನು ನೇರ ನಮ್ಮ ಕಡೆಗೆ ಬಿಟ್ಟುಕೊಂಡು ಬಂದರು. ಇನ್ನೊಬ್ಬರ ಗರ್ಗೂರ್ ಎತ್ತುವುದು ಇಲ್ಲಿ ಇನ್ನೊಬ್ಬರ ಮನೆಯ ಕಪಾಟು ತೆಗೆದ ಹಾಗೆ.

“ಕ್ಯಾ ಕರ್ತಾ ಹೈ? ಮೇರಾ ಗರ್ಗೂರ್ ಚೋರಿ?”

ನಾನು ಬೆದರಿ, ಕೈಗೆ ಸಿಕ್ಕಿದ ಏಕೈಕ ದಾಖಲೆಯಾದ ನೋಟ್‌ಬುಕ್ಕನ್ನೇ ತೆರೆದು ತೋರಿಸಿದೆ. “ನಹೀ ಹಾಜಿ! ದೇಖೋ, ಸ್ಪೀಡ್! ಡೆಪ್ತ್! ಟೈಮ್! ಸಬ್ ಲಿಖಾ ಹೈ!”

ಕಳ್ಳತನವನ್ನು ಐದು ನಿಮಿಷಕ್ಕೊಮ್ಮೆ ಬರೆದಿಡುವ ಕಳ್ಳಿಯನ್ನು ಹಾಜಿ ತಮ್ಮ ಆಯುಷ್ಯದಲ್ಲಿ ಕಂಡಿರಲಿಕ್ಕಿಲ್ಲ. ವಿಶ್ವಣ್ಣ ಅರಬ್ಬಿಯಲ್ಲಿ ಏನೋ ವಿವರಿಸಿದರು. ಬಸುರಿ ಎಂದು ತೋರಿಸಲು ಗಾಳಿಯಲ್ಲೊಂದು ಹೊಟ್ಟೆ ಬರೆದರು, ಆಮೇಲೆ ನನ್ನನ್ನು ತೋರಿಸಿ ತಮ್ಮ ಹಣೆ ಮುಟ್ಟಿಕೊಂಡರು. ಹಾಜಿ ನಕ್ಕರು. ನೋಟ್‌ಬುಕ್ ತಿರುಗಿಸಿ ತಿರುಗಿಸಿ ನೋಡಿದರು. ಅಂಗೈಯನ್ನು ನೀರಿನ ಮೇಲಿಟ್ಟು ಹಿಂದಿನಿಂದ ಮುಂದಕ್ಕೆ ತಳ್ಳಿ ತೋರಿಸಿದರು. “ಪಾನಿ ಭೀ ಚಲ್ತಾ ಹೈ, ಬಿಂತಿ. ಪಾನಿ ಭೀ.”

ನೀರೂ ನಡೆಯುತ್ತದೆ ಮಗಳೇ!

ನನಗೆ ಕೂತಲ್ಲೇ ಕಿವಿ ಬಿಸಿಯಾಯಿತು. ನನ್ನ ಫೋನು ಅಳೆಯುತ್ತಿದ್ದದ್ದು ಆಕಾಶದಿಂದ, ತಳದ ನೆಲಕ್ಕೆ ಹೋಲಿಸಿ. ಆದರೆ ಸುಳ್ಳುಮೀನು ಈಜಬೇಕಾದದ್ದು ನೀರಿನಲ್ಲಿ. ಮೊದಲ ವಾರ ನೀರು ಎದುರಿಗೆ ಬರುತ್ತಿತ್ತು. ನನ್ನ ಐದು ನಾಟ್ ಅದಕ್ಕೆ ಆರೂವರೆಯಾಗಿ, ಅದು ಹಾರಿತು. ಈ ವಾರ ನೀರು ನಮ್ಮ ಜೊತೆಗೇ ಓಡುತ್ತಿತ್ತು. ನನ್ನ ಐದು ನಾಟ್ ಅದಕ್ಕೆ ಮೂರೇ ಆಗಿ, ಸೀಸದ ಭಾರಕ್ಕೆ ಅದು ನೆಲ ಗುಡಿಸಿತು. ಯಂತ್ರ ಸರಿ, ಓದಿದ್ದು ಸರಿ, ಬರೆದದ್ದು ಸರಿ. ಅಳೆಯಬೇಕಾದದ್ದು ಮಾತ್ರ ಬೇರೆ. ಇದೇ ತಪ್ಪು ಮಾಡಿದ ಟ್ರೈನಿಗಳಿಗೆ ನಾನು ಪಾಠ ಮಾಡುತ್ತೇನೆ. ವಾರಕ್ಕೆರಡು ಸಲ!

ಹಾಜಿ ಬುಟ್ಟಿಯಿಂದ ಎರಡು ಸಾಫಿ ಮೀನು ತೆಗೆದು ಕೊಟ್ಟರು. ಅತ್ತಿಗೆ ಹುರಿದು ತಿಂದು, “ಚಂದ ಉಂಟು. ಆದ್ರೆ ಇದು ಬುಟ್ಟಿಯದ್ದು,” ಎಂದರು. ಸ್ನಾನಕ್ಕೆ ಮೊದಲು ಕೂರಿಸಿಕೊಂಡು ಕತೆ ಕೇಳುವುದನ್ನು ಮಾತ್ರ ಬಿಡಲಿಲ್ಲ. ನನ್ನ ಶಾಲು ಒಗೆಯಲು ಹಾಕೋಣವೆಂದರೆ ಕಾಣಲೇ ಇಲ್ಲ.

ದಿನಚರಿ: ಗಾಳದ ಮೀನು 0. ಬುಟ್ಟಿ 1 (ವಾಪಸು). ಉಳಿದ ಶುಕ್ರವಾರ 1.

ನವೆಂಬರ್ 22. ಹತ್ತುವ ಮೊದಲೇ ವಿಶ್ವಣ್ಣ ದೋಣಿಯ ಸಾಮಾನು ಪೆಟ್ಟಿಗೆಯ ಮುಚ್ಚಳ ತೆಗೆದರು. “ಫೋನ್ ಒಳಗ್ ಹಾಕ್. ಪುಸ್ತಕ ಒಳಗ್ ಹಾಕ್.” ಹಾಕಿದೆ. ತಕ್ಕಡಿ ಮಾತ್ರ ಚೀಲದ ತಳದಲ್ಲಿ ಉಳಿಯಿತು. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ದಾರ ಬಿಟ್ಟು, ಅದರ ಒಂದು ಭಾಗವನ್ನು ನನ್ನ ತೋರುಬೆರಳಿನ ಮೇಲೆ ಹಾಯಿಸಿದರು. “ನಿನ್ನತ್ತಿಗಿ ಅಪ್ಪ ಹೀಂಗೇ ಹಿಡೀತಿದ್ರ್. ಈಗ ಬೆರಳಗೆ ಎಂತ ಬತ್ತ್ ಕೇಣ್.”

ಮೊದಲು ಏನೂ ಬರಲಿಲ್ಲ. ಆಮೇಲೆ, ತೀರ ಸಣ್ಣಗೆ, ಟುಕ್, ಟುಕ್, ಟುಕ್. ಅಲ್ಲೆಲ್ಲೋ ದೂರದಲ್ಲಿ ಸುಳ್ಳುಮೀನು ಬಾಲ ಬಡಿಯುತ್ತಿತ್ತು.

“ಬಡಿತ ಜೋರಾದ್ರೆ ಮೇಲ್ ಬಂತ್ ಅಂತ. ಇಂಜಿನ್ ಇಳ್ಸುಕ್. ಸತ್ತ ಹಾಂಗಾದ್ರೆ ಅಡಿಗ್ ಹೋಯ್ತ್ ಅಂತ. ಏರ್ಸುಕ್. ನೀ ಹೇಳ್, ನಾ ಮಾಡ್ತೆ.”

ಹುಣ್ಣಿಮೆ ಕಳೆದು ವಾರವಾಗಿ ಸೆಳೆತ ಸೋತಿತ್ತು. ನೀರು ಯಾವ ಕಡೆಗೆ ಹೋಗಲೆಂದು ಮರೆತು ನಿಂತ ಹಾಗಿತ್ತು. “ಸ್ವಲ್ಪ ಇಳಿಸಿ,” ಎಂದೆ. ಇಳಿಯಿತು. “ಸ್ವಲ್ಪ ಏರಿಸಿ.” ಏರಿತು. ಸ್ವಲ್ಪ ಎಂದರೆ ಎಷ್ಟು? ನಾನೂ ಕೇಳಲಿಲ್ಲ, ಅವರೂ ಕೇಳಲಿಲ್ಲ. ಬಿಸಿಲು, ಗುನುಗು, ಬೆರಳಿನ ತುದಿಯಲ್ಲಿ ಆ ಟುಕ್ ಟುಕ್. ಕಳೆದ ತಿಂಗಳು ಅತ್ತಿಗೆ ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟಿದ್ದರು, “ಒದೀತದೆ ನೋಡು” ಎಂದು. ಅದೂ ಹೀಗೇ ಇತ್ತು. ನಾನು ನಿದ್ದೆ ಮಾಡಲಿಲ್ಲ. ಎಚ್ಚರವಾಗಿಯೂ ಇರಲಿಲ್ಲ. ಗಂಟೆ ಎಷ್ಟೆಂದು ಗೊತ್ತಿಲ್ಲದ ನನ್ನ ಬದುಕಿನ ಏಕೈಕ ಬೆಳಗು ಅದು.

ಬೆರಳು ಕತ್ತರಿಸುವ ಹಾಗೆ ದಾರ ಓಡಿತು!

ಇದು ಹಕ್ಕಿಯಲ್ಲ. ಬುಟ್ಟಿಯಲ್ಲ. ಅತ್ತ ಓಡಿತು, ಇತ್ತ ಓಡಿತು, ದೋಣಿಯ ಕೆಳಗೆ ನುಗ್ಗಿತು. ವಿಶ್ವಣ್ಣ ಕುಣಿಯುತ್ತಿದ್ದರು. “ಬಿಡ್! ಎಳಿ! ಬಿಡ್! ಈಗ ಎಳಿ!” ಕೊನೆಗೆ ನೀರು ಸೀಳಿ ಬೆಳ್ಳಿಯ ಒಂದು ಪಟ್ಟಿ ಮೇಲೆ ಬಂದು ದೋಣಿಗೆ ಬಿತ್ತು. ಅಂಜಲ್! ಗಾಳದ ಅಂಜಲ್! ನನ್ನ ಕಣ್ಣಲ್ಲಿ ನೀರು ಬಂತು.

“ಮೊದ್ಲ್ ಐಸ್ ಪೆಟ್ಟಿಗಿಗ್ ಹಾಕ್,” ಎಂದರು ವಿಶ್ವಣ್ಣ, ಗಾಳ ಬಿಡಿಸಿ.

“ಒಂದೇ ನಿಮಿಷ ವಿಶ್ವಣ್ಣ. ತೂಕ.”

“ತಂಗೀ...”

“ಅತ್ತಿಗೆ ಕೇಳ್ತಾರೆ!”

ಅತ್ತಿಗೆ ಕೇಳುತ್ತಿರಲಿಲ್ಲ. ದಿನಚರಿ ಕೇಳುತ್ತಿತ್ತು. ತಕ್ಕಡಿಯ ಕೊಕ್ಕೆಯನ್ನು ಕಿವಿರಿಗೆ ಸಿಕ್ಕಿಸಿ ಎತ್ತಿದೆ. ಮೀನು ಉದ್ದ, ನಾನು ಗಿಡ್ಡ. ಬಾಲ ದೋಣಿಯ ತಳಕ್ಕೆ ತಾಗುತ್ತಿತ್ತು. ಬಾಲ ತಾಗಿದರೆ ತೂಕ ಕಡಿಮೆ ತೋರಿಸುತ್ತದೆ. ಅಂಥ ದೋಷವನ್ನು ನಾನು ಸಹಿಸಬಲ್ಲೆನೇ? ಹಾಗಾಗಿ, ಶಾಸ್ತ್ರೋಕ್ತವಾಗಿ, ಕೈಯನ್ನು ದೋಣಿಯ ಅಂಚಿನಿಂದ ಆಚೆಗೆ, ಸಮುದ್ರದ ಮೇಲೆ ಚಾಚಿದೆ.

ಅಂಕಿಗಳು ಓಲಾಡಿದವು. ಸ್ಥಿರವಾಗಲು ಎಂಟು ಸೆಕೆಂಡು ಬೇಕು. ಏಳು ಎಣಿಸಿದೆ. ತಕ್ಕಡಿ ‘ಬೀಪ್’ ಎಂದಿತು. ಸತ್ತಿದೆಯೆಂದು ನಾನು ತಿಳಿದಿದ್ದ ಅಂಜಲ್ ಆ ಸದ್ದಿಗೆ ಎಚ್ಚರಗೊಂಡ ಹಾಗೆ ಒಂದೇ ಒಂದು ಸಲ ಮೈ ಕೊಡವಿತು.

ಪುಳಕ್.

ಬೆಳ್ಳಿಯ ಪಟ್ಟಿ ತಿಳಿನೀರಿನಲ್ಲಿ ಇಳಿಯುತ್ತ, ಹಸಿರಾಗುತ್ತ, ಇಲ್ಲವಾಯಿತು. ಕೈಯಲ್ಲಿ ತಕ್ಕಡಿ ಉಳಿಯಿತು. ಕೊನೆಯ ಅಂಕಿ ಅಳಿಸದಂತೆ ಹಿಡಿದಿಡುವ ವ್ಯವಸ್ಥೆ ಅದರಲ್ಲಿದೆ. 4.35 ಕೆಜಿ. ತೂಕವನ್ನು ಹಿಡಿದಿಟ್ಟಿತ್ತು. ಮೀನನ್ನಲ್ಲ!

ವಿಶ್ವಣ್ಣ ನೀರನ್ನೊಮ್ಮೆ ನೋಡಿದರು. ಆಮೇಲೆ ಪೆಟ್ಟಿಗೆ ತೆಗೆದು ನನ್ನ ನೋಟ್‌ಬುಕ್ ಕೈಗೆ ಕೊಟ್ಟರು. “ಬರ್ಕೋ ತಂಗಿ. ಮರ್ತ್ ಹೋತ್ತ್.”

ಮತ್ತೆ ಮಧ್ಯಾಹ್ನದವರೆಗೆ ಸುತ್ತಿದೆವು. ಬೆರಳಿಗೆ ಏನೂ ಬರಲಿಲ್ಲ.

ಮನೆಯಲ್ಲಿ ಮಸಾಲೆ ಅರೆದಿಟ್ಟಾಗಿತ್ತು. ಅಣ್ಣ ಅರ್ಧ ದಿನ ರಜೆ ಹಾಕಿ ಬಂದು ಕೂತಿದ್ದ. ಬರಿಗೈಯಲ್ಲಿ ನಿಂತೇ ನಾನು ಎಲ್ಲ ಹೇಳಿದೆ. ತಕ್ಕಡಿ ತೋರಿಸಿದೆ.

“ಅಂದ್ರೆ ಕೈಗೆ ಬಂದ ಮೀನನ್ನು ತೂಗಿ, ಸಮುದ್ರಕ್ಕೆ ವಾಪಸು ಕೊಟ್ಟು ಬಂದೆಯಾ?” ಎಂದ ಅಣ್ಣ. “ರಸೀದಿಯಾದರೂ ತಗೊಂಡ್ಯಾ?”

ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ನನಗೆ ಅಳು ಬಂತು. “ನಗಬೇಡಿ ಅತ್ತಿಗೆ. ಬಯಕೆ ತೀರಿಸದೆ ಕಳಿಸ್ತಾ ಇದ್ದೇವೆ. ಮಗುವಿನ ಕಿವಿ...”

“ಬಯಕೆಯಾ? ಅದು ಮೊದಲನೇ ಶುಕ್ರವಾರವೇ ತೀರಿತ್ತಲ್ಲ.”

ಎದ್ದು ಹೋಗಿ, ಕಟ್ಟಿಟ್ಟಿದ್ದ ಸೂಟ್‌ಕೇಸಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಒಳಗೆ ನನ್ನ ಶಾಲು. ಒಗೆಯದ್ದು. ಅತ್ತಿಗೆ ಚೀಲದ ಬಾಯಿ ಚೂರೇ ಬಿಡಿಸಿ ಮೂಗಿಗೆ ಹಿಡಿದರು. “ಉಪ್ಪು, ಡೀಸೆಲ್, ಬೆವರು. ಅಪ್ಪ ಗಾಳದ ಮೀನು ತಂದು ಜಗಲಿಯಲ್ಲಿ ಕೂತು ಆವತ್ತಿನ ಕತೆ ಹೇಳುವಾಗ ಹೀಗೇ ನಾರ್ತಿದ್ರು. ನೀನು ಬಂದು ಪಕ್ಕದಲ್ಲಿ ಕೂತದ್ದೇ ನನಗೆ ಮತ್ತೆ ಮೀನಿನ ನೆನಪೇ ಆಗ್ಲಿಲ್ಲ.”

“ಮತ್ತೆ ಇನ್ನೆರಡು ಸಲ ಯಾಕೆ ಕಳಿಸಿದ್ರಿ?”

“ನಾನೆಲ್ಲಿ ಕಳಿಸಿದ್ದು? ನಿನ್ನ ಪುಸ್ತಕದಲ್ಲಿ ಮೀನು ಸೊನ್ನೆ ಅಂತ ಇತ್ತಲ್ಲ, ನಿಂಗೆ ಊಟ ಸೇರ್ತಿರಲಿಲ್ಲ. ಬಯಕೆ ನಂದಲ್ಲ ಮಾರಾಯ್ತಿ, ನಿಂದು. ಪಾಪ, ತೀರಿಸ್ಕೊಳ್ಳಲಿ ಅಂತ ನಾನೂ ಇವರೂ ಸುಮ್ಮನಿದ್ವಿ.”

ಅಣ್ಣ ಗೋಡೆ ನೋಡಿದ. ಅಂದರೆ ಎರಡು ವಾರದಿಂದ ಈ ಮನೆಯಲ್ಲಿ ಬಸುರಿಯ ಸ್ಥಾನದಲ್ಲಿ ಇದ್ದವಳು ನಾನು! ಅರೆದ ಮಸಾಲೆಯನ್ನು ಬದನೆಕಾಯಿ ಹೋಳಿಗೆ ಹಚ್ಚಿ ಹುರಿದರು. ಅತ್ತಿಗೆ ಎರಡು ಹೋಳು ತಿಂದರು. ಡಾಕ್ಟರಮ್ಮ ಹೇಳಿದ ಲೆಕ್ಕ ಸರಿಹೋಯಿತು.

ನವೆಂಬರ್ 24, ಭಾನುವಾರ. ಅತ್ತಿಗೆಯ ಸೂಟ್‌ಕೇಸನ್ನು ಹೊರಡುವ ಮೊದಲು ನಾನೇ ತೂಗಿದೆ. ಅದೇ ತಕ್ಕಡಿ, ಅದೇ ಹಸಿರು ಚೀಟಿ. 29.60 ಕೆಜಿ. ಮಿತಿ ಮೂವತ್ತು. “ನಿಶ್ಚಿಂತೆಯಿಂದ ಹೋಗಿ,” ಎಂದೆ.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅದನ್ನು ಪಟ್ಟಿಯ ಮೇಲಿಟ್ಟರು. 31.2.

“ಇದು ತಪ್ಪು,” ಎಂದೆ ನಾನು. ಪಕ್ಕದ ಕೌಂಟರಿನಲ್ಲಿ ಇಟ್ಟರು. 31.2. ಹಿಂದೆ ಸಾಲು ಬೆಳೆಯಿತು. ಅಣ್ಣ ನನ್ನ ಮುಖ ನೋಡಲಿಲ್ಲ. ಮೂರು ವಾರ ಉಪ್ಪುನೀರು ಕುಡಿದ ತಕ್ಕಡಿ ಇನ್ನೇನು ಹೇಳೀತು! ನೆಲದ ಮೇಲೆ ಸೂಟ್‌ಕೇಸು ಬಿಚ್ಚಿ, ಮೂರು ಖರ್ಜೂರದ ಡಬ್ಬಿ ಹೊರತೆಗೆದು, ಶಾಲಿಗೆ ಕೈ ಹಾಕಿದಾಗ ಅತ್ತಿಗೆ ನನ್ನ ಕೈಗೆ ಮೆಲ್ಲನೆ ಹೊಡೆದರು. ಶಾಲು ಹೋಯಿತು. ಖರ್ಜೂರ ಉಳಿಯಿತು.

ರಾತ್ರಿ ಮನೆಗೆ ಬಂದು ದಿನಚರಿ ತೆರೆದೆ. ಪ್ರಯೋಗಾಲಯದ ನಿಯಮದಂತೆ, ತಪ್ಪು ದಾಖಲೆಯನ್ನು ಅಳಿಸುವಂತಿಲ್ಲ. ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಸಹಿ ಹಾಕಬೇಕು. ನವೆಂಬರ್ 22ರ ‘4.35’ ಮೇಲೆ ಗೆರೆ ಎಳೆದೆ. ಕೊನೆಗೆ ಪಕ್ಕದಲ್ಲಿ ಬರೆದು ಸಹಿ ಹಾಕಿದೆ:

ಅಂಜಲ್ 1. ತೂಕ, ಸುಮಾರು.